ಅಬ್ಬು ಸೈಟು ನೋಡಿ ಬಂದರೆ, ಕಾಗದ ನೀವು ಓದಿ



ದ್ವಿತೀಯ ಪಿಯುಸಿಯಲ್ಲಿ ಹಣಕಾಸಿನ ಅಧ್ಯಾಯ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: "ಸರ್, ಷೇರೆಲ್ಲಾ ಇರಲಿ, ಯಲಹಂಕದ ಕಡೆ ಒಂದು ಸೈಟು ತಗೊಂಡುಬಿಟ್ರೆ ಹೇಗೆ?" ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಆದರೆ ನಿಮ್ಮಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಈ ಮಾತು ಊಟದ ಹೊತ್ತಿನಲ್ಲಿ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಒಂದು ಹೆಚ್ಚುವರಿ ಪಾಠ.

ಮೊದಲೇ ಒಂದು ಮಾತು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ಹಾಗಾಗಿ ನಿಮ್ಮಲ್ಲಿ ಹೆಚ್ಚಿನವರು ಇವತ್ತು ಏನನ್ನೂ ಕೊಳ್ಳುವ ಹಾಗಿಲ್ಲ. ಆದರೆ ಓದಬಹುದು. ಈ ಪಾಠದ ಕಾರಣವೂ ಅದೇ. ಆರ್.ಟಿ. ನಗರ, ಹೆಬ್ಬಾಳದ ಎಷ್ಟೋ ಮನೆಗಳಲ್ಲಿ ಮಾತು ಉರ್ದುವಿನಲ್ಲಿ, ಲೆಕ್ಕ ಇಂಗ್ಲಿಷಿನಲ್ಲಿ. ಜಮೀನಿನ ಕಾಗದ ಮಾತ್ರ ಕನ್ನಡದಲ್ಲಿ. ಪಹಣಿ, ಖಾತಾ, ಎಷ್ಟೋ ಕ್ರಯಪತ್ರಗಳಲ್ಲೂ ಕನ್ನಡವೇ. ಅಂಥ ಮನೆಯಲ್ಲಿ ಅದನ್ನು ಸಲೀಸಾಗಿ ಓದಬಲ್ಲವರು ಬಹುಪಾಲು ನೀವೊಬ್ಬರೇ. ಬ್ರೋಕರ್ ಹೇಳಿದ್ದನ್ನು ನಂಬುವುದೋ, ಕಾಗದ ಹೇಳುವುದನ್ನು ನಂಬುವುದೋ ಎಂಬುದು ನಿಮ್ಮ ಓದಿನ ಮೇಲೆ ನಿಂತಿದೆ.

ಹೆದರಬೇಡಿ. ಈ ಕಾಗದಗಳ ಅರ್ಧ ಮಾತು ನಿಮ್ಮ ಮನೆಯವೇ. ಜಮೀನು, ದಸ್ತಾವೇಜು, ಕರಾರು, ವಾರಸುದಾರ, ಹಿಸ್ಸಾ, ರಸೀದಿ, ತಕರಾರು ಇವೆಲ್ಲ ಅರಬಿ, ಫಾರಸಿಯಿಂದ ಕನ್ನಡದ ಕಚೇರಿಗೆ ಬಂದು ಇಲ್ಲಿಯವೇ ಆಗಿಹೋದ ಪದಗಳು.

ಉತ್ತರ ಬೆಂಗಳೂರಿನಲ್ಲಿ ಬೆಲೆ ಏಕೆ ಏರಿತು?

ಯಲಹಂಕ ಕೆಂಪೇಗೌಡರ ವಂಶದ ಮೂಲ ನೆಲೆ. ಆದರೆ ಇವತ್ತಿನ ಬೆಲೆಗೆ ಕಾರಣ ಆ ಇತಿಹಾಸವಲ್ಲ, ರಸ್ತೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆ ಅಗಲವಾಯಿತು, ಹೆಬ್ಬಾಳದಿಂದ ಮುಂದಕ್ಕೆ ಮೇಲ್ಸೇತುವೆ ಬಂತು. ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬೆಳೆಯಿತು. 2014ರ ಮಾರ್ಚ್‌ನಲ್ಲಿ ಯಶವಂತಪುರಕ್ಕೆ ಮೆಟ್ರೋ ಬಂತು. ಈಗ ಕೆ.ಆರ್. ಪುರದಿಂದ ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ನೀಲಿ ಮಾರ್ಗದ ಕಂಬಗಳು ಏಳುತ್ತಿವೆ.

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಭೂಮಿಯ ಪೂರೈಕೆ ಸ್ಥಿರ, ಬೇಡಿಕೆ ಏರಿತು, ಬೆಲೆಯೂ ಏರಿತು. ಆದರೆ ಇಲ್ಲಿ ಇನ್ನೊಂದು ಸಂಗತಿ ಇದೆ. ಮುಂದೆ ಬರಲಿರುವ ಮೆಟ್ರೋದ ಬೆಲೆಯನ್ನು ಮಾರುವವನು ಇವತ್ತೇ ಸೇರಿಸಿ ಹೇಳುತ್ತಾನೆ. "ಎರಡು ವರ್ಷದಲ್ಲಿ ಡಬಲ್" ಎಂದು ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: ಹಾಗಿದ್ದರೆ ನೀವೇಕೆ ಇವತ್ತು ಮಾರುತ್ತಿದ್ದೀರಿ?

ಒಂದು ಬಡಾವಣೆಯ ಕಥೆ

ಯಲಹಂಕ, ಹೆಸರಘಟ್ಟದ ಸುತ್ತಮುತ್ತಲಿನ 17 ಹಳ್ಳಿಗಳಲ್ಲಿ 3,546 ಎಕರೆ ಭೂಮಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, 2008ರ ಡಿಸೆಂಬರ್ 30ರಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಅದೇ ಡಾ. ಕೆ. ಶಿವರಾಮ ಕಾರಂತ ಬಡಾವಣೆ. ಪ್ರಾಥಮಿಕ ಅಧಿಸೂಚನೆ ಎಂದರೆ "ಈ ಭೂಮಿ ನಮಗೆ ಬೇಕಾಗಿದೆ" ಎಂದು ಸರ್ಕಾರ ಸಾರಿ ಹೇಳುವುದು. ಅಂತಿಮ ಅಧಿಸೂಚನೆ ಆಮೇಲೆ ಬರುತ್ತದೆ. ಇಲ್ಲಿ ಈ ಎರಡರ ನಡುವೆ ಸುಮಾರು ಹತ್ತು ವರ್ಷ ಕಳೆಯಿತು. ಯೋಜನೆ ನಿಂತೇ ಹೋಯಿತು ಎಂದು ಜನ ತಿಳಿದರು. ಆ ಹತ್ತು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಸೈಟುಗಳು ಮಾರಾಟವಾದವು, ಮನೆಗಳು ಎದ್ದವು.

2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಬಡಾವಣೆ ಕೆಲಸ ಮುಂದುವರಿಸುವಂತೆ ಆದೇಶ ನೀಡಿತು. ಅಧಿಸೂಚನೆಯ ನಂತರ ಕೊಂಡವರು ಒಮ್ಮೆಗೇ ಆತಂಕಕ್ಕೆ ಬಿದ್ದರು. ಆಮೇಲೆ 2020ರ ಡಿಸೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನು ಕೋರ್ಟ್ ನೇಮಿಸಿತು. ಕಟ್ಟಿದ ಮನೆ ಉಳಿಸಿಕೊಳ್ಳಲು ಜನ ದಾಖಲೆಗಳ ಕಟ್ಟು ಹಿಡಿದು ಆ ಸಮಿತಿಗೆ ಅರ್ಜಿ ಹಾಕಬೇಕಾಯಿತು.

ಇವರಲ್ಲಿ ಬಹಳ ಜನ ನೋಂದಣಿ ಮಾಡಿಸಿಯೇ ಕೊಂಡವರು. ಹಾಗಾದರೆ ತೊಂದರೆ ಎಲ್ಲಿ? ಋಣಭಾರ ಪ್ರಮಾಣಪತ್ರ, ಅಂದರೆ ನಾವು ಇ.ಸಿ. ಎನ್ನುವ ಕಾಗದ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಭೂಸ್ವಾಧೀನದ ಅಧಿಸೂಚನೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಸರ್ವೆ ನಂಬರು ಬರೆದು ಬಿಡಿಎಯಿಂದಲೇ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಇ.ಸಿ. ಒಂದನ್ನೇ ನೋಡಿ "ಕ್ಲಿಯರ್ ಇದೆ" ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲದಿರಬಹುದು, ಆದರೆ ಪೂರ್ತಿ ಸತ್ಯವೂ ಇಲ್ಲ.

ಬಿಡಿಎ ತಾನೇ ಹಂಚಿದ ಸೈಟಾದರೂ ಕಾಯುವ ಕಾಲ ಇರುತ್ತದೆ. 16 ಹಳ್ಳಿಗಳ ಅರ್ಕಾವತಿ ಬಡಾವಣೆಗೆ 2004ರಲ್ಲಿ ಅಂತಿಮ ಅಧಿಸೂಚನೆ ಬಂತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ 2010ರಲ್ಲಿ ತೀರ್ಪಾಯಿತು. ಸೈಟು ಮಂಜೂರಾದ ಎಷ್ಟೋ ಕುಟುಂಬಗಳು ಮನೆ ಕಟ್ಟಲಾಗದೆ ವರ್ಷಗಟ್ಟಲೆ ಕಾದವು.

ಓದಬೇಕಾದ ಕಾಗದಗಳು

ಯಾರೇ ಆಸ್ತಿ ತೋರಿಸಿದರೂ ಮುಂಗಡ ಕೊಡುವ ಮೊದಲು ಇವುಗಳ ನಕಲು ಕೇಳಿ.

1. ಕ್ರಯಪತ್ರ ಮತ್ತು ಮೂಲಪತ್ರಗಳು. ಮಾರುವವರಿಗೆ ಆಸ್ತಿ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಸರಪಳಿಯ ಹಾಗೆ ಹಿಂದಕ್ಕೆ ಓದುತ್ತಾ ಹೋಗಿ. ಒಂದು ಕೊಂಡಿ ತಪ್ಪಿದರೂ ಅಲ್ಲೇ ನಿಲ್ಲಿ. ಕೊನೆಯ ಪುಟದ ಚಕ್ಕುಬಂದಿಯನ್ನು, ಅಂದರೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣದ ಎಲ್ಲೆಗಳನ್ನು, ಸ್ಥಳಕ್ಕೆ ಹೋಗಿ ತಾಳೆ ನೋಡಿ.

2. ಜಿಪಿಎ ಆಗಿದ್ದರೆ ಎಚ್ಚರ. ಜನರಲ್ ಪವರ್ ಆಫ್ ಅಟಾರ್ನಿ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ಮಾಡುವ ಅಧಿಕಾರ ಮಾತ್ರ. ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

3. ಇ.ಸಿ. ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯಬಹುದು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಬ್ಯಾಂಕಿಗೆ ಅಡಮಾನ ಇದ್ದು ಅದು ನೋಂದಣಿಯಾಗಿದ್ದರೆ ಇಲ್ಲಿ ಕಾಣುತ್ತದೆ. ಸಾಲ ತೀರಿದ ದಾಖಲೆಯೂ ಇದೆಯೇ ನೋಡಿ.

4. ಖಾತಾ. ಖಾತಾ ಎಂದರೆ ತೆರಿಗೆ ಕಟ್ಟುವವರ ಲೆಕ್ಕ. ಅದು ಮಾಲೀಕತ್ವದ ಪತ್ರ ಅಲ್ಲ. ಅನುಮೋದಿತ ಆಸ್ತಿಗೆ ಎ ಖಾತಾ. ಕ್ರಮಬದ್ಧವಲ್ಲದ ಆಸ್ತಿಗಳನ್ನು ತೆರಿಗೆಗಾಗಿ ಬರೆದಿಟ್ಟ ಪುಸ್ತಕದಲ್ಲಿರುವುದು ಬಿ ಖಾತಾ. ಬಿ ಖಾತಾ ಸೈಟು ಅಗ್ಗ ಏಕೆ ಎಂದು ಈಗ ತಿಳಿಯಿತಲ್ಲ? ಮನೆ ಕಟ್ಟುವ ನಕ್ಷೆಗೆ ಅನುಮತಿ, ಬ್ಯಾಂಕ್ ಸಾಲ ಎರಡಕ್ಕೂ ಅದರಲ್ಲಿ ತೊಡಕು. 2024ರ ಅಕ್ಟೋಬರ್‌ನಿಂದ ನಗರದಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಕೆಳಗೆ 5 ನಗರ ಪಾಲಿಕೆಗಳು ಬಂದಿವೆ. ಯಲಹಂಕ, ಹೆಬ್ಬಾಳ ಈಗ ಬೆಂಗಳೂರು ಉತ್ತರ ನಗರ ಪಾಲಿಕೆಯಲ್ಲಿವೆ. ಹಳೆಯ ಬಿಬಿಎಂಪಿ ರಸೀದಿಗಳನ್ನು ಎಸೆಯಬೇಡಿ.

5. ಭೂ ಪರಿವರ್ತನೆ ಆದೇಶ. ಹೊಲವನ್ನು ಮನೆಗಾಗಿ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಅನುಮತಿ ಬೇಕು. ಇದಿಲ್ಲದೆ ಹೊಲ ಸೀಳಿ ಮಾರಿದ್ದನ್ನೇ ಜನ "ರೆವೆನ್ಯೂ ಸೈಟು" ಎನ್ನುವುದು. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಬರೀ 11ಬಿ ಕೊಟ್ಟರೆ ಏಕೆ ಎಂದು ವಿಚಾರಿಸಿ.

6. ಮಂಜೂರಾದ ಭೂಮಿಯೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಜನ ಇದನ್ನು ಪಿಟಿಸಿಎಲ್ ಎನ್ನುತ್ತಾರೆ. ಹಾಗೆ ಕೊಂಡದ್ದು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸು ಹೋಗುತ್ತದೆ, ಹೋಗಲೂ ಬೇಕು. ವಕ್ಫ್ ಆಸ್ತಿಯೂ ಹೀಗೆಯೇ. ಮಾರುವವರು ಎಷ್ಟೇ ಪರಿಚಯದವರಾಗಿದ್ದರೂ ಅದು ಅವರ ಸ್ವಂತದ್ದಲ್ಲ.

7. ಎಲ್ಲ ವಾರಸುದಾರರ ಸಹಿ. ವಂಶವೃಕ್ಷ ಕೇಳಿ, ಹೆಸರು ಒಂದೊಂದಾಗಿ ಗುರುತು ಹಾಕಿ. ಮುಸ್ಲಿಂ ಕುಟುಂಬದಲ್ಲಿ ಮಗಳಿಗೆ, ಪತ್ನಿಗೆ, ತಾಯಿಗೆ ನಿಗದಿತ ಹಿಸ್ಸೆ ಇದೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕು. "ಅಕ್ಕಂದಿರದು ಏನಿಲ್ಲ ಬಿಡಿ, ಮದುವೆ ಆಗಿ ಹೋಗಿದ್ದಾರೆ" ಎಂಬ ಮಾತು ಕೇಳಿದರೆ ಮುಂದಕ್ಕೆ ಹೋಗಬೇಡಿ. ಇದು ಬರೀ ಕಾನೂನಿನ ತೊಡಕಲ್ಲ. ಒಬ್ಬ ಹೆಣ್ಣುಮಗಳ ಪಾಲು ನುಂಗಿದ ಮನೆಗೆ ನೀವು ಹಣ ಕೊಟ್ಟಂತಾಗುತ್ತದೆ.

ನಮ್ಮ ಕಾಲೇಜಿನಲ್ಲಿ ಓದಿದ ಒಬ್ಬ ವಿದ್ಯಾರ್ಥಿನಿಯ ತಂದೆ ಯಲಹಂಕದಿಂದ ಆಚೆ 20x30ರ ಒಂದು ಸೈಟಿಗೆ 5 ಲಕ್ಷ ಮುಂಗಡ ಕೊಡಲು ಸಿದ್ಧರಾಗಿದ್ದರು. ಆಕೆ ರಾತ್ರಿ ಕೂತು ಕಾಗದವನ್ನು ಸಾಲು ಸಾಲಾಗಿ ಓದಿ ತಂದೆಗೆ ಉರ್ದುವಿನಲ್ಲಿ ಹೇಳಿದಳು. ಕೈಯಲ್ಲಿದ್ದದ್ದು ಕ್ರಯಪತ್ರ ಅಲ್ಲ, ಜಿಪಿಎ. ಅದರಲ್ಲಿ ಮೂವರು ಅಣ್ಣತಮ್ಮಂದಿರ ಸಹಿ ಇತ್ತು, ಇಬ್ಬರು ಅಕ್ಕಂದಿರದು ಇರಲಿಲ್ಲ. ಮಾರನೆಯ ದಿನ ಆಕೆ ನನ್ನ ಬಳಿ ಬಂದು, "ಸರ್, ನಾನು ಓದಿದ್ದು ಸರಿಯಾ?" ಎಂದು ಕೇಳಿದಳು. ಸರಿಯಾಗಿಯೇ ಓದಿದ್ದಳು. ವಕೀಲರೂ ಅದನ್ನೇ ಹೇಳಿದರು. ಆ ಹಣ ಆಮೇಲೆ ಆಕೆಯ ಡಿಗ್ರಿ ಓದಿಗೆ ಬಳಕೆಯಾಯಿತು.

ಫ್ಲಾಟ್ ಆದರೆ

2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದ, 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ರೇರಾದಲ್ಲಿ ನೋಂದಣಿಯಾಗದೆ ಜಾಹೀರಾತು ಕೊಡುವಂತೆಯೇ ಇಲ್ಲ. "ಪ್ರೀ-ಲಾಂಚ್ ಆಫರ್, ಈಗ ಕಟ್ಟಿದರೆ ಕಡಿಮೆ" ಎಂದರೆ ಮೊದಲು ರೇರಾ ನಂಬರ್ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದ ಶೇ. 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ಬೆಲೆಯನ್ನು ಕಾರ್ಪೆಟ್ ಏರಿಯಾದ ಮೇಲೆ ಕೇಳಿ. "ಸೂಪರ್ ಬಿಲ್ಟಪ್" ಲೆಕ್ಕದಲ್ಲಿ ಮೆಟ್ಟಿಲು, ಲಿಫ್ಟೂ ಸೇರಿಕೊಂಡಿರುತ್ತವೆ. ಕಟ್ಟಿ ಮುಗಿದ ಮನೆಗೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓ.ಸಿ., ಇದೆಯೇ ನೋಡಿ.

ಮಳೆಯನ್ನೂ ಮರೆಯಬೇಡಿ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಕೆರೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಕರ್ನಾಟಕ ಸರ್ಕಾರದ "ದಿಶಾಂಕ್" ಎಂಬ ಆ್ಯಪ್ ಇದೆ. ಸ್ಥಳದಲ್ಲಿ ನಿಂತು ತೆರೆದರೆ ನೀವಿರುವ ಸರ್ವೆ ನಂಬರು ತೋರಿಸುತ್ತದೆ, ಸುತ್ತ ಕೆರೆ, ರಾಜಕಾಲುವೆ ಇದ್ದರೂ ತಿಳಿಯುತ್ತದೆ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಜಾಗ ನೋಡಿ ಬನ್ನಿ.

ಲೆಕ್ಕ ಹಾಕೋಣ

ಇದು ಉದಾಹರಣೆಗಾಗಿ ನಾನು ಹಾಕಿದ ಲೆಕ್ಕ. ಒಂದು ಫ್ಲಾಟಿನ ಬೆಲೆ 60 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು ಶೇ. 7.6, ಅಂದರೆ 4,56,000 ರೂಪಾಯಿ. ನಿಜವಾದ ವೆಚ್ಚ 64,56,000.

ಬಾಡಿಗೆ ತಿಂಗಳಿಗೆ 20,000. ವರ್ಷಕ್ಕೆ 2,40,000. ಬ್ರೋಕರ್ ಇದನ್ನೇ "ಶೇ. 4 ಆದಾಯ" ಎನ್ನುತ್ತಾನೆ. ಒಂದು ತಿಂಗಳು ಮನೆ ಖಾಲಿ ಇತ್ತು ಎಂದರೆ 2,20,000. ಆಸ್ತಿ ತೆರಿಗೆ, ರಿಪೇರಿ, ಬಣ್ಣ ಎಂದು 30,000 ತೆಗೆಯಿರಿ. ಉಳಿದದ್ದು 1,90,000. ಅದು 64,56,000ಕ್ಕೆ ಶೇ. 2.9 ಮಾತ್ರ. ಇದರಲ್ಲಿ 40 ಲಕ್ಷವನ್ನು ಶೇ. 8.5ರ ಸಾಲ ಮಾಡಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 3,40,000. ಬಾಡಿಗೆ ಬಡ್ಡಿಯನ್ನೂ ತೀರಿಸದು. ಅಂದರೆ ಕೊಳ್ಳುವವರು ಬೆಲೆ ಏರುತ್ತದೆ ಎಂಬ ನಿರೀಕ್ಷೆಯ ಮೇಲೆ ನಿಂತಿದ್ದಾರೆ. ನಿರೀಕ್ಷೆ ತಪ್ಪೇನಲ್ಲ, ಆದರೆ ಅದನ್ನು ಆದಾಯ ಎಂದು ಬರೆಯಬಾರದು.

ಬಡ್ಡಿಯಿಂದ ದೂರ ಇರಬೇಕು ಎನ್ನುವ ಕುಟುಂಬಗಳಿಗೆ ದಾರಿ ಇನ್ನಷ್ಟು ಉದ್ದ. ನಮ್ಮಲ್ಲಿ ಇಸ್ಲಾಮಿ ಬ್ಯಾಂಕಿಂಗ್ ಆರಂಭಿಸುವ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಹೀಗಾಗಿ ಹೆಚ್ಚಿನವರು ಕೂಡಿಡುತ್ತಾರೆ, ಇಲ್ಲವೇ ಅಣ್ಣತಮ್ಮಂದಿರು ಸೇರಿ ಕೊಳ್ಳುತ್ತಾರೆ. ಸೇರಿ ಕೊಂಡರೆ ಹಣ ಹಾಕಿದ ಪ್ರತಿಯೊಬ್ಬರ ಹೆಸರೂ, ಪಾಲೂ ಕ್ರಯಪತ್ರದಲ್ಲೇ ಬರಲಿ. "ಮಾಮು ಹೆಸರಲ್ಲಿ ಇರಲಿ" ಎಂದು ಬಿಟ್ಟರೆ ನಾಳೆ ಮಾಮುವಿನ ಮಕ್ಕಳ ಎದುರು ನಿಲ್ಲಬೇಕಾಗುತ್ತದೆ. ಕುರ್‌ಆನಿನ ಅತಿ ದೀರ್ಘ ಆಯತ್ತು, ಅಲ್ ಬಕರಾ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡಲು, ಸಾಕ್ಷಿಗಳನ್ನು ಇರಿಸಲು ಹೇಳುವಂಥದ್ದು. ನೆಂಟರ ನಡುವೆ ಬರೆದಿಟ್ಟುಕೊಳ್ಳುವುದು ಅಪನಂಬಿಕೆಯಲ್ಲ. ಮಾರಲೆಂದೇ ಕೊಂಡ ಸೈಟಿಗೂ ವಾಸದ ಮನೆಗೂ ಝಕಾತಿನ ಲೆಕ್ಕ ಬೇರೆ ಬೇರೆ. ಅದನ್ನು ನಿಮ್ಮ ಮೊಹಲ್ಲಾದ ಆಲಿಮರಲ್ಲಿ ಕೇಳಿ.

ಲೀಸ್ ಹಣವೂ ಹೂಡಿಕೆಯೇ

ಎಷ್ಟೋ ಕುಟುಂಬಗಳ ಮೊದಲ ದೊಡ್ಡ ಮೊತ್ತ ಹೋಗುವುದು ಸೈಟಿಗಲ್ಲ, ಲೀಸಿಗೆ. ಹತ್ತು ಲಕ್ಷ ಕೊಟ್ಟು ಬಾಡಿಗೆ ಇಲ್ಲದೆ ಮೂರು ವರ್ಷ ಇರುವುದು. ಇಲ್ಲಿ ಎರಡು ವಿಷಯ ನೋಡಿ. ಒಂದು ವರ್ಷ ಮೀರಿದ ಲೀಸ್ ಕರಾರು ನೋಂದಣಿಯಾಗಬೇಕು. ಬರೀ ಸ್ಟಾಂಪ್ ಪೇಪರಿನ ಮೇಲೆ ಬರೆದರೆ ಸಾಲದು. ಎರಡನೆಯದು, ಆ ಮನೆ ಬ್ಯಾಂಕಿಗೆ ಅಡವಾಗಿದೆಯೇ ಎಂಬುದು. ಮಾಲೀಕರು ಕಂತು ಕಟ್ಟದೆ ಬ್ಯಾಂಕ್ ಮನೆಗೆ ಬೀಗ ಹಾಕಿದರೆ ನಿಮ್ಮ ಹತ್ತು ಲಕ್ಷಕ್ಕಾಗಿ ಅಲೆಯುವುದು ನೀವೇ.

"ಹಲಾಲ್ ಲಾಭ" ಎಂಬ ಬೋರ್ಡು

2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಸಂಸ್ಥೆಯ ಬಾಗಿಲು ಮುಚ್ಚಿತು, ಅದರ ಸ್ಥಾಪಕ ದುಬೈಗೆ ಹೋದರು, ಮರುತಿಂಗಳು ದೆಹಲಿಯಲ್ಲಿ ಬಂಧನವಾಯಿತು. ಬಡ್ಡಿ ಬೇಡ ಎಂಬ ಕಾರಣಕ್ಕೇ ಅಲ್ಲಿ ಹಣ ಇಟ್ಟಿದ್ದ ಸಾವಿರಾರು ಕುಟುಂಬಗಳು ದೂರು ಕೊಡಲು ಸಾಲು ನಿಂತವು. ಅದರ ನೋವು ನಮ್ಮ ಕಾಲೇಜಿನ ಮಕ್ಕಳ ಮನೆಗಳಿಗೂ ತಟ್ಟಿದೆ. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾನೂನೂ ಬಂತು.

ಈಗ ಅದೇ ಮಾತು ರಿಯಲ್ ಎಸ್ಟೇಟಿನ ಬಟ್ಟೆ ಹಾಕಿಕೊಂಡು ಬರುತ್ತದೆ: "ಸೈಟು ನಮ್ಮ ಹತ್ತಿರವೇ ಇರಲಿ, ನಿಮಗೆ ತಿಂಗಳು ತಿಂಗಳು ಲಾಭ." ವ್ಯಾಪಾರದಲ್ಲಿ ನಷ್ಟವೂ ಇರುತ್ತದೆ. ನಷ್ಟವೇ ಇಲ್ಲದ, ತಿಂಗಳಿಗೆ ಇಂತಿಷ್ಟು ಖಾತರಿ ಎನ್ನುವ ಲಾಭ ವ್ಯಾಪಾರದ್ದಲ್ಲ. ಹೇಳುವವರ ಗಡ್ಡ, ಟೋಪಿ, ಜಾಹೀರಾತಿನ ಬಿಸ್ಮಿಲ್ಲಾ ಯಾವುದೂ ದಾಖಲೆ ಅಲ್ಲ. ನಿಮ್ಮ ಹೆಸರಿನ ನೋಂದಾಯಿತ ಕ್ರಯಪತ್ರ ಇದೆಯೇ? ಇಲ್ಲದಿದ್ದರೆ ನೀವು ಆಸ್ತಿ ಕೊಂಡಿಲ್ಲ, ಸಾಲ ಕೊಟ್ಟಿದ್ದೀರಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ.

ಮನೆಗೆಲಸ

ಈ ವಾರ ನಿಮ್ಮ ಸ್ವಂತ ಮನೆಯ ಕ್ರಯಪತ್ರವನ್ನೋ, ಬಾಡಿಗೆ ಅಥವಾ ಲೀಸ್ ಕರಾರನ್ನೋ ಅಬ್ಬು, ಅಮ್ಮಿಯ ಅನುಮತಿ ಪಡೆದು ತೆರೆಯಿರಿ. ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಂದ ಯಾರಿಗೆ, ಯಾವ ದಿನಾಂಕ, ನೋಂದಣಿ ಸಂಖ್ಯೆ, ಸರ್ವೆ ಅಥವಾ ಸೈಟ್ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಸಹಿ ಹಾಕಿದವರು ಯಾರು, ಸಾಕ್ಷಿಗಳು ಯಾರು. ಗೊತ್ತಾಗದ ಪದಕ್ಕೆ ಅಡಿಗೆರೆ ಎಳೆಯಿರಿ. ಆ ಪದಗಳನ್ನು ಮಾತ್ರ ತರಗತಿಗೆ ತನ್ನಿ. ಹೆಸರು, ಮೊತ್ತ, ಕಾಗದ ಮನೆಯಲ್ಲೇ ಇರಲಿ. ಶುಕ್ರವಾರ ಬಿಟ್ಟು ಯಾವ ದಿನವಾದರೂ ಕೊನೆಯ ಪೀರಿಯಡ್ ಮುಗಿದ ಮೇಲೆ ನಾನು ವಾಣಿಜ್ಯ ವಿಭಾಗದಲ್ಲಿ ಇರುತ್ತೇನೆ.

ಇಷ್ಟು ಓದಿದ ಮಾತ್ರಕ್ಕೆ ವಕೀಲರು ಬೇಡ ಎಂದಲ್ಲ. ನೋಂದಣಿಗೆ ಮೊದಲು ಎಲ್ಲ ಕಾಗದಗಳನ್ನು ಆಸ್ತಿ ವ್ಯವಹಾರ ಬಲ್ಲ, ಮಾರುವವರಿಗೂ ಬ್ರೋಕರಿಗೂ ಸೇರದ ವಕೀಲರೊಬ್ಬರಿಗೆ ತೋರಿಸಲೇಬೇಕು. ಅವರ ಫೀಸು ಇಡೀ ಬೆಲೆಯ ಮುಂದೆ ಬಹಳ ಸಣ್ಣದು. ಆದರೆ ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಮನೆಯಿಂದ ಒಬ್ಬರಾದರೂ ಕಾಗದ ಓದಿಕೊಂಡು ಹೋಗಿರಬೇಕು.